ಕಡ ತಂದ ಕಾವು

“ನಿನ್ನ ಪೆಟಗಿ ಸುಳ್ಳು ಹೇಳೇತಿ. ಅದಕ್ಕ ನಾಲಿಗಿ ಇದ್ದಿದ್ರ ಕಿತ್ತು ಕೈಯಾಗ ಕೊಡತಿದ್ದೆ. ನಾಲಿಗಿ ಇಲ್ಲಂತನ ನಿನ್ನ ಮುಂದ ಬಂದು ನಿಂತೇನಿ.”

ನಾನು ಹೀಗೆ ಅನ್ನುವಷ್ಟರಲ್ಲಿ ಶಾಲೆಯ ಪಡಸಾಲೆಯಲ್ಲಿ ಸರದಿಗೆ ಕೂತಿದ್ದ ಹೆಂಗಸರೆಲ್ಲ ಎದ್ದು ಬಾಗಿಲಿಗೆ ಬಂದಿದ್ದರು. ಬರಲಿ ಎಂದೇ ನಾನು ದನಿ ಏರಿಸಿದ್ದೆ. ಎದುರಿಗೆ ನಿಂತಿದ್ದವಳು ನಸೀಮಾ, ಹೊರಗಿನ ಊರಿನ ಹುಡುಗಿ. ಎದೆಯ ಕ್ಯಾನ್ಸರನ್ನು ಗಂಟು ಕೈಗೆ ಸಿಗುವ ಮೊದಲೇ ಗುರುತಿಸಬಹುದು ಎಂದು ಹೇಳಿಕೊಂಡು ಕಾವಿನ ಕ್ಯಾಮೆರಾ ತಂದು ಶಾಲೆಯಲ್ಲಿ ಕ್ಯಾಂಪು ಹಾಕಿದವಳು. ಅವಳ ಕೆಲಸ ಸುಲಭ ಕಾಣುತ್ತಿತ್ತು. ಹೆಂಗಸು ತಣ್ಣನೆಯ ಕೋಣೆಯಲ್ಲಿ ಎದೆ ತೆರೆದು ಸ್ವಲ್ಪ ಹೊತ್ತು ಕೂರಬೇಕು. ಯಾರೂ ಮುಟ್ಟುವುದಿಲ್ಲ, ಒತ್ತುವುದಿಲ್ಲ. ಕ್ಯಾಮೆರಾ ದೂರದಿಂದಲೇ ಮೈಯ ಕಾವನ್ನು ಬಣ್ಣ ಮಾಡಿ ತೋರಿಸುತ್ತದೆ. ತಣ್ಣಗಿದ್ದಲ್ಲಿ ನೀಲಿ, ಬೆಚ್ಚಗಿದ್ದಲ್ಲಿ ಹಳದಿ, ಸುಡುವಲ್ಲಿ ಕೆಂಪು. ಆಮೇಲೆ ಕಂಪ್ಯೂಟರು ಎಡವನ್ನೂ ಬಲವನ್ನೂ ಹೋಲಿಸಿ, ಸಂಶಯ ಬಂದ ಕಡೆ ತಾನೇ ಒಂದು ಬಿಳಿ ಗೆರೆ ಸುತ್ತುತ್ತದೆ. ನನ್ನ ಎಡ ಎದೆಯ ಮೇಲೆ, ಕಂಕುಳ ಕಡೆಗೆ, ಅದು ಗೆರೆ ಸುತ್ತಿತ್ತು.

ಆ ಗೆರೆ ಸುತ್ತಿಸಿಕೊಂಡು ನಾನು ದೊಡ್ಡ ಆಸ್ಪತ್ರೆಗೆ ಹೋದೆ. ಅಲ್ಲಿ ಎದೆಯನ್ನು ಎರಡು ಹಲಗೆಗಳ ನಡುವೆ ಇಟ್ಟು ರೊಟ್ಟಿಯ ಹಾಗೆ ಚಪ್ಪಟೆ ಮಾಡಿದರು. ಸೂಜಿ ಹಾಕಿ ತುಣುಕು ತೆಗೆದರು. ಅದರ ಫಲಿತಾಂಶ ಬರುವ ತನಕ ನಾನು ಅರ್ಧ ಸತ್ತಿದ್ದೆ. ಯಾವ ಡಬ್ಬಿಯಲ್ಲಿ ಏನಿದೆ ಎಂದು ಗಂಡನಿಗೆ ಹೇಳಿಕೊಟ್ಟೆ. ಅವನು ಅಳುತ್ತ ಎಲ್ಲ ಡಬ್ಬಿ ತೆರೆದು ನೋಡಿ, ಮುಚ್ಚಳ ಅದಲುಬದಲು ಮಾಡಿ ಇಟ್ಟ. ಕೊನೆಗೆ ಡಾಕ್ಟರು, ನಿಮ್ಮ ಎದೆಯಲ್ಲಿ ಏನೂ ಇಲ್ಲ, ಹೋಗಿ ಬನ್ನಿ ಎಂದರು. ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಬಸ್ಸಿಳಿದವಳೇ ಮನೆಗೆ ಹೋಗಿ, ಸ್ನಾನ ಮಾಡಿ, ಒಗೆದ ಬಟ್ಟೆ ತೊಟ್ಟು, ಜಗಳಕ್ಕೆ ಬಂದೆ. ಜಗಳಕ್ಕೆ ಹೋಗುವಾಗ ನಾನು ಯಾವಾಗಲೂ ಸ್ನಾನ ಮಾಡಿಯೇ ಹೋಗುವುದು. ಅಂಥ ಕೆಲಸಕ್ಕೆ ನನಗೆ ಇನ್ನೊಬ್ಬರ ಕಾವು ಬೇಕಾಗುವುದಿಲ್ಲ.

ನಸೀಮಾ ಹೆದರುವ ಹುಡುಗಿಯಲ್ಲ. “ಇದು ಸುಳ್ಳು ಹೇಳೋದಿಲ್ಲ ಅಕ್ಕಾ, ತಪ್ಪು ಹೇಳಬಹುದು,” ಅಂದಳು. “ಸುಳ್ಳು ಬೇರೆ, ತಪ್ಪು ಬೇರೆ. ಇದು ರೋಗ ಇದೆ ಅಂತಾನೂ ಹೇಳಿಲ್ಲ. ಇಲ್ಲೊಂದಿಷ್ಟು ನೋಡಿ ಅಂತ ಬೆರಳು ತೋರಿಸಿದೆ, ಅಷ್ಟೇ.” ಬೆರಳು ತೋರಿಸಿದ್ದಕ್ಕೇ ನನಗೆ ಸೂಜಿ ಬಿದ್ದದ್ದು ಎಂದೆ. ಹಾಗಾದರೆ ಇನ್ನೊಮ್ಮೆ ಕೂತುಕೊಳ್ಳಿ, ತಪ್ಪು ಎಲ್ಲಿದೆ ಎಂದು ಇಬ್ಬರೂ ಸೇರಿ ಹುಡುಕೋಣ ಎಂದಳು. ಬಾಗಿಲಲ್ಲಿದ್ದವರ ಮುಂದೆ ಹಿಂದೆ ಸರಿಯುವುದು ಹೇಗೆ? ಕೂತೆ.

ಹೊಸ ಚಿತ್ರದಲ್ಲಿ ಎಡಬಲ ಒಂದೇ ಬಣ್ಣ. ಬಿಳಿ ಗೆರೆ ಇರಲಿಲ್ಲ. ಗೆದ್ದೆ ಎಂದು ನಾನು ಕುಪ್ಪಸ ಹಾಕಿಕೊಳ್ಳುತ್ತಿದ್ದರೆ ನಸೀಮಾ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟುಕೊಂಡು ಪರದೆಗೆ ಮೂಗು ಹಚ್ಚಿ ಕೂತಿದ್ದಳು. ಚರ್ಮದ ಕೆಳಗೆ ಹರಿಯುವ ರಕ್ತದ ದಾರಿಗಳೂ ಆ ಚಿತ್ರದಲ್ಲಿ ಕಾಣುತ್ತವಂತೆ. ಅವು ಒಬ್ಬೊಬ್ಬರಿಗೆ ಒಂದೊಂದು ನಮೂನೆ. ಇಷ್ಟು ಬೇಗ ದಾರಿ ಬದಲಾಗುವುದಿಲ್ಲವಂತೆ. ಹಳೆಯ ಚಿತ್ರದಲ್ಲಿ ಎರಡು ನಮೂನೆಯ ದಾರಿಗಳು ಒಂದರ ಮೇಲೊಂದು ಬಿದ್ದಿದ್ದವು. ಆ ಕಂಪ್ಯೂಟರು ಸಾವಿರಾರು ಹೆಂಗಸರ ಚಿತ್ರ ನೋಡಿ ಕಲಿತದ್ದು, ಆದರೆ ಅವರಲ್ಲಿ ಒಬ್ಬಳೂ ನಮ್ಮೂರಿನವಳಲ್ಲ. ಒಂದು ಮೈಮೇಲೆ ಒಬ್ಬಳೇ ಹೆಂಗಸು ಇರುತ್ತಾಳೆ ಎಂದು ಅದು ನಂಬಿತ್ತು.

“ಅಕ್ಕಾ,” ಅಂದಳು ನಸೀಮಾ, “ಅವತ್ತು ನಿಮ್ಮ ಜೊತೆ ಇನ್ನೊಬ್ಬರು ಯಾರಿದ್ದರು?”

ಅವತ್ತು ನಾನು ನಿಂಬೆವ್ವನ ಕುಪ್ಪಸ ತೊಟ್ಟು ಬಂದಿದ್ದೆ.

ನಮ್ಮೂರಲ್ಲಿ ಒಲೆಯ ಬಿಸಿ ಆರುತ್ತದೆ, ಬಿಸಿಲು ಕಾಯಿಸಿದ ಕಲ್ಲು ಆರುತ್ತದೆ. ಮನುಷ್ಯರ ಮೈ ಕಾವು ಮಾತ್ರ ಆರುವುದಿಲ್ಲ. ಕೂತೆದ್ದ ಜಾಗ, ತೊಟ್ಟು ಬಿಟ್ಟ ಬಟ್ಟೆ, ಒರಗಿದ ಗೋಡೆ, ಯಾವುದೇ ಇರಲಿ, ನೀರು ಮುಟ್ಟಿಸುವ ತನಕ ಬೆಚ್ಚಗೇ ಇರುತ್ತದೆ. ನಾನೂ ನಿಂಬೆವ್ವನೂ ಸೇರಿ ಖಾನಾವಳಿ ನಡೆಸುವವರು. ಒಬ್ಬ ಗಿರಾಕಿ ಎದ್ದರೆ ಬೆಂಚಿಗೆ ಒದ್ದೆ ಬಟ್ಟೆ ಎಳೆದೇ ಇನ್ನೊಬ್ಬನನ್ನು ಕೂರಿಸಬೇಕು. ಚಳಿಗಾಲದಲ್ಲಿ ಕೆಲವರು, ಒರೆಸಬೇಡ ಬಿಡವ್ವ, ಹಾಗೇ ಇರಲಿ ಎನ್ನುತ್ತಾರೆ. ಅಂಥವರಿಗೆ ಯಾರ ಕಾವಾದರೂ ನಡೆಯುತ್ತದೆ. ಹೊಸದಾಗಿ ಮದುವೆಯಾದವರ ತಲೆದಿಂಬು ಮುಟ್ಟಿ ನೋಡುವ ಅತ್ತೆಯಂದಿರೂ ನಮ್ಮಲ್ಲಿದ್ದಾರೆ, ಅವರ ಮಾತು ಬೇಡ.

ಹೀಗಿರುವುದರಿಂದಲೇ ಕಾವು ಕಡ ತರುವ ಪದ್ಧತಿ. ಹೆರಿಗೆಗೆ, ಪರೀಕ್ಷೆಗೆ, ಕೋರ್ಟಿಗೆ, ಆಸ್ಪತ್ರೆಗೆ, ಎದೆ ನಡುಗುವ ಯಾವ ಕೆಲಸಕ್ಕೆ ಹೋಗುವಾಗಲೂ ಬೇಕಾದವರು ತೊಟ್ಟ ಬಟ್ಟೆಯನ್ನು ತೊಟ್ಟುಕೊಂಡು ಹೋಗುತ್ತೇವೆ. ಆ ಕಾವು ನಮ್ಮ ಮೈಗೆ ಹತ್ತಿ, ಮತ್ತೆ ಸ್ನಾನ ಮಾಡುವ ತನಕ ಜೊತೆಗಿರುತ್ತದೆ. ಕ್ಯಾಂಪಿಗೆ ಬರುವವರು ಎಣ್ಣೆ ಹಚ್ಚಬಾರದು, ಪೌಡರು ಹಾಕಬಾರದು, ಸ್ನಾನ ಮಾಡಿ ಬರಬೇಕು, ಬಿಸಿ ಚಹಾ ಕುಡಿಯಬಾರದು ಎಂದು ಗೋಡೆಗೆ ಬರೆದು ಹಚ್ಚಿದ್ದರು. ನಾವೆಲ್ಲ ಅದನ್ನು ಓದಿ, ಸ್ನಾನ ಮಾಡಿ, ಆಮೇಲೆ ಕಡ ತಂದ ಕುಪ್ಪಸ ತೊಟ್ಟು ಹೋಗಿದ್ದೆವು. ಅದು ಕೂಡದು ಎಂದು ಯಾರೂ ಬರೆದಿರಲಿಲ್ಲ. ಬರೆಯಬೇಕೆಂದು ಹೊರಗಿನವರಿಗೆ ಹೊಳೆಯುವುದಾದರೂ ಹೇಗೆ?

ನಾನು ಹೀಗೆಂದು ಹೇಳಿದಾಗ ನಸೀಮಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಮನೆಗೆ ಸರಿದರು. ಅತ್ತೆಯ ಕುಪ್ಪಸ ತೊಟ್ಟು ಬಂದವರು, ಅಕ್ಕನದು ತೊಟ್ಟವರು, ನಡುಬೀದಿಯಲ್ಲೇ ಯಾರ ಚಿತ್ರದಲ್ಲಿ ಯಾರ ಎದೆ ಇದೆ ಎಂದು ವಾದಕ್ಕೆ ಬಿದ್ದರು. ಸಂಜೆಯೊಳಗೆ ಶಾಲೆಯ ಗೋಡೆಯ ಮೇಲೆ ಹೊಸ ಸಾಲು ಬಂದಿತ್ತು: ನಿಮ್ಮ ಕಾವು ಮಾತ್ರ ತನ್ನಿ.

ನಾನು ಅದನ್ನು ಓದಲು ನಿಂತಿರಲಿಲ್ಲ. ಸೀದಾ ಖಾನಾವಳಿಗೆ ಹೋದೆ.

ನಿಂಬೆವ್ವ ನನ್ನ ನೆಗೆಣ್ಣಿ, ಗಂಡನ ತಮ್ಮನ ಹೆಂಡತಿ. ಆ ತಮ್ಮ ಸತ್ತು ಬಹಳ ಕಾಲವಾಯಿತು. ಮಕ್ಕಳಾಗಿರಲಿಲ್ಲ. ಬೇರೆ ಕಡೆ ಇಂಥ ಹೆಂಗಸನ್ನು ಶುಭಕಾರ್ಯಕ್ಕೆ ಹಿಂದೆ ನಿಲ್ಲಿಸುತ್ತಾರೆ. ನಮ್ಮೂರು ಅವಳನ್ನು ಮುಂದೆ ನಿಲ್ಲಿಸುತ್ತಿತ್ತು, ಅದೂ ಅವಳ ಕಾವಿಗಾಗಿ. ಅವಳ ಕುಪ್ಪಸ ತೊಟ್ಟು ಹೋದ ಚೊಚ್ಚಲ ಬಸುರಿಯರೆಲ್ಲ ಸುಖವಾಗಿ ಹೆತ್ತು ಬಂದಿದ್ದರು. ಅದು ಹೇಗೋ ಹಾಗೆ ಕೂಡಿಬಂದಿತ್ತು, ಊರಿಗೆ ನಂಬಿಕೆ ಬಿದ್ದಿತ್ತು. ಬಸುರಿಯ ತಾಯಂದಿರು ಹಿಂದಿನ ದಿನವೇ ಬಂದು, ನಿಂಬೆವ್ವಾ, ನಾಳೆಗೆ ಒಂದು ಕುಪ್ಪಸ ಕಾಯಿಸಿಡವ್ವ ಎಂದು ಕೇಳುತ್ತಿದ್ದರು. ಇವಳು ಬಂದವರಿಗೆಲ್ಲ, ಈಗೇನು ಸಾಲ ಹಚ್ಚಿ ನಿಲ್ಲತೀರೇನವಾ, ರೊಟ್ಟಿ ಬಡಿಯೂದು ಬ್ಯಾಡೇನು ನಾನು ಎಂದು ಬೈಯುತ್ತಿದ್ದಳು. ಬೈಯುವಾಗ ಅವಳ ಮುಖ ನೋಡಬೇಕಿತ್ತು, ಹಬ್ಬದ ಹಾಗೆ ಇರುತ್ತಿತ್ತು.

ಕ್ಯಾಂಪಿಗೆ ಹೋಗುವ ದಿನ ನಾನು ಅವಳ ಕುಪ್ಪಸ ಕೇಳಿರಲಿಲ್ಲ. ಬಾಯಿ ಜೋರಿನ ನನಗೆ ಕ್ಯಾಮೆರಾದ ಮುಂದೆ ಕೂರಲು ಯಾರ ಧೈರ್ಯ ಬೇಕು? ಅವಳೇ ಒತ್ತಾಯ ಮಾಡಿ ತೊಡಿಸಿದ್ದಳು. ನೀನೂ ಬಾ ಎಂದರೆ ಹಿಟ್ಟು ನಾದಿಟ್ಟಿದ್ದೇನೆ ಎಂದಿದ್ದಳು. ಖಾನಾವಳಿಯ ಮೆಟ್ಟಿಲು ಹತ್ತುವಾಗ ಇದೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತ ಬಂತು. ಒಳಗೆ ಅವಳು ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು.

“ನಿನ್ನ ಎಡಗಡೆ ಏನೈತಿ?” ಎಂದು ಕೇಳಿದೆ.

“ಮಂದಿ ಊಟಕ್ಕ ಬರೂ ಹೊತ್ತಾತು. ಬೆಂಚ ಒರಸು,” ಅಂದಳು.

ನಾನು ಅವಳ ಕೈಕೆಳಗಿನ ಹಿಟ್ಟಿನ ಉಂಡೆ ಕಿತ್ತುಕೊಂಡೆ. ಎರಡು ಚಿತ್ರಗಳ ಸುದ್ದಿ ಹೇಳಿದೆ. ಮೊದಲು ಅವಳು, ಮಷಿನ್ನಿಗೆ ಏನು ಗೊತ್ತಾಗತೈತಿ ಎಂದಳು. ಆಮೇಲೆ, ಒಲೆಯ ಮುಂದೆ ಕೂತವಳ ಕಾವು ಹೆಚ್ಚೇ ಇರುತ್ತದೆ ಎಂದಳು. ಒಲೆ ಎದುರಿಗಿದ್ದರೆ ಎರಡೂ ಕಡೆ ಕಾಯಬೇಕು, ಒಂದೇ ಕಡೆ ಯಾಕೆ ಕಾಯ್ತು ಎಂದು ಕೇಳಿದೆ. ತವೆಯ ಮೇಲಿನ ರೊಟ್ಟಿ ಸುಡತೊಡಗಿತ್ತು. ಅವಳು ಅದನ್ನು ತೆಗೆಯಲೂ ಇಲ್ಲ.

“ನಾ ಬೇಕಂತನ ಕಳಿಸಿದ್ದೆ,” ಅಂದಳು ಕೊನೆಗೆ. “ನನ್ನ ಎದಿ ನಿನ್ನ ಸಂಗಾಟ ಹೋಗಿ ತೋರಿಸಿಕೊಂಡು ಬರಲಿ ಅಂತ.”

ದೀಪಾವಳಿಯ ಎಣ್ಣೆಸ್ನಾನದಲ್ಲಿ ಅವಳ ಕೈಗೆ ಗಂಟು ಸಿಕ್ಕಿತ್ತಂತೆ. ಕಡಲೆಕಾಳಿನಷ್ಟು. ನೋವಿರಲಿಲ್ಲ. ನೋವಿಲ್ಲದ್ದು ತಾನೇ ಹೋಗುತ್ತದೆ ಎಂದು ಬಿಟ್ಟಿದ್ದಳು. ಕ್ಯಾಂಪು ಬಂದಾಗ ಈ ಉಪಾಯ ಹೊಳೆಯಿತು. ಚಿತ್ರದಲ್ಲಿ ಏನೂ ಬರದಿದ್ದರೆ ಇಬ್ಬರಿಗೂ ಏನೂ ಇಲ್ಲ ಎಂದಾಯಿತು, ಯಾರಿಗೂ ಗೊತ್ತಾಗುವುದಿಲ್ಲ. ಗೆರೆ ಬಂದ ಮೇಲೆ ಹೇಳಬೇಕೆಂದು ನಾಲ್ಕು ಸಲ ಬಾಯಿ ತೆರೆದಿದ್ದಳಂತೆ. ಅಷ್ಟರಲ್ಲಿ ನಾನು ಆಸ್ಪತ್ರೆಯಿಂದ, ಏನೂ ಇಲ್ಲ ಎಂದು ಹೇಳಿಸಿಕೊಂಡು ಬಂದೆ.

“ನಿನಗ ಏನೂ ಇಲ್ಲಂದ್ರಲ್ಲ, ಆ ಮಾತು ನನಗೂ ಹತ್ತತೈತಿ ಅಂತ ತಿಳಕೊಂಡೆ,” ಅಂದಳು.

“ಸೂಜಿ ನನಗ ಹಾಕಿದ್ರು, ನಿಂಬೀ.”

“ಗೊತ್ತೈತಿ. ಅವತ್ತು ನನಗೂ ಊಟ ಸೇರಲಿಲ್ಲ.”

“ನಿನ್ನ ಊಟಕ್ಕ ಬೆಂಕಿ ಹಚ್ಚ.”

ಹಿಟ್ಟಿನ ಉಂಡೆಯನ್ನು ಗೋಡೆಗೆ ಹೊಡೆದೆ. ಅದು ಅಲ್ಲೇ ಅಂಟಿಕೊಂಡಿತು. ಅವಳು ಅದನ್ನು ನೋಡುತ್ತ ಕೂತಳು. ನನ್ನ ಸಿಟ್ಟು ಸೂಜಿಯದ್ದಲ್ಲ. ನಾನು ಸಾಯುತ್ತೇನೆಂದು ಡಬ್ಬಿ ಲೆಕ್ಕ ಹೇಳಿಕೊಡುತ್ತಿದ್ದಾಗ, ಸಾಯಬಹುದಾದವಳು ನನಗೆ ಗಂಜಿ ಕಾಸಿಕೊಟ್ಟು, ನಿನಗೆ ಏನೂ ಆಗುವುದಿಲ್ಲ ಎಂದು ಬೆನ್ನು ಸವರುತ್ತಿದ್ದಳಲ್ಲ, ಅದರದು. ಈಗಲೇ ಏಳು, ಕ್ಯಾಂಪಿಗೆ ನಡೆ ಎಂದೆ. ಅವಳು ಕದಲಲಿಲ್ಲ.

“ಹಿಂಗೈತಿ ಅಂತ ಗೊತ್ತಾದ್ರ ನನ್ನ ಕುಪ್ಪಸ ಯಾರು ಕೇಳತಾರ ಕಲ್ಲವ್ವಾ? ಗಂಡ ಇಲ್ಲ, ಮಕ್ಕಳಿಲ್ಲ. ಮಂದಿ ಬಂದು ಕೇಳತಾರಲ್ಲ, ನನಗಂತ ಇರೂದು ಅದೊಂದ.”

“ಹೆಣದ ಕುಪ್ಪಸ ಯಾರು ಕೇಳತಾರ?”

ಇದು ನನ್ನ ಬಾಯಿಂದ ಬಂದ ಮಾತು. ನನ್ನ ಬಾಯಿ ಇರುವುದೇ ಹಾಗೆ. ಮೆತ್ತಗೆ ಹೇಳಿದ್ದರೆ ಅವಳು ಇನ್ನೊಂದು ವರ್ಷ ರೊಟ್ಟಿ ತಟ್ಟಿಕೊಂಡು ಕೂರುತ್ತಿದ್ದಳು. ಅವಳು ಎದ್ದು, ಗೋಡೆಗೆ ಅಂಟಿದ ಹಿಟ್ಟನ್ನು ಉಗುರಿನಿಂದ ಕೆರೆದು ತೆಗೆದು, ಕೈ ತೊಳೆದಳು. ನಾಳೆ ಹೋಗುತ್ತೇನೆ ಎಂದಳು.

ಮರುದಿನ ಅವಳು ತಲೆಗೂ ಮೈಗೂ ನೀರು ಹಾಕಿಕೊಂಡು, ಒಗೆದು ಒಣಗಿಸಿದ ಬಟ್ಟೆ ತೊಟ್ಟು ನಿಂತಾಗ ನನ್ನ ಕೈ ತಾನಾಗಿ ನನ್ನ ಕುಪ್ಪಸದ ಗುಂಡಿಗೆ ಹೋಯಿತು. ಊರಿಗೆಲ್ಲ ಕಾವು ಕೊಟ್ಟವಳನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಅವಳು ಎರಡು ಹೆಜ್ಜೆ ಹಿಂದೆ ಸರಿದು, “ಮುಟ್ಟಬ್ಯಾಡ. ನಿನ್ನಂಥಾಕಿ ಕಾವು ಹತ್ತಿದ್ರ ಕಂಪ್ಯೂಟರ್ ಸಿಟ್ಟಿಗೆದ್ದೀತು,” ಅಂದಳು. ಶಾಲೆಯ ತನಕ ಇಬ್ಬರೂ ಬೀದಿಯ ಎರಡು ಬದಿಯಲ್ಲಿ ನಡೆದು ಹೋದೆವು. ಗೆರೆ ಅಲ್ಲೇ ಬಿತ್ತು, ಎಡಗಡೆ, ಕಂಕುಳ ಕಡೆಗೆ. ನಸೀಮಾ ನಮ್ಮ ಜೊತೆ ಆಸ್ಪತ್ರೆಯ ತನಕ ಬಂದಳು.

ನಿಂಬೆವ್ವ ಸಾಯಲಿಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಅವಳು ಸಾಯುತ್ತಾಳೆ ಎಂದು ಕಾದು ಕೂತವರಿದ್ದರೆ ಈಗಲೇ ಎದ್ದು ಹೋಗಬಹುದು. ಸೂಜಿ ಹಾಕಿ ನೋಡಿದರು, ರೋಗ ಇತ್ತು, ಆದರೆ ಹರಡಿರಲಿಲ್ಲ. ಎಡ ಎದೆ ತೆಗೆದರು. ಔಷಧಿಗೆ ಕೂದಲು ಉದುರಿತು, ಮತ್ತೆ ಬಂತು, ಮೊದಲಿಗಿಂತ ಗುಂಗುರಾಗಿ ಬಂತು. ಆಸ್ಪತ್ರೆಯಲ್ಲಿ ಅವಳಿಗೆ ಆಶ್ಚರ್ಯವಾದದ್ದು ಕತ್ತರಿಯೂ ಅಲ್ಲ, ಔಷಧಿಯೂ ಅಲ್ಲ. ಆ ಊರಿನಲ್ಲಿ ಮೈ ಕಾವು ಆರುತ್ತದೆ. ಮೊದಲ ದಿನ ಹಾಸಿಗೆಯನ್ನು ಅಂಗೈಯಿಂದ ಸವರಿ ಸವರಿ ನೋಡಿ, ಇಲ್ಲಿ ನನಗಿಂತ ಮೊದಲು ಯಾರೂ ಮಲಗಿಯೇ ಇಲ್ಲವೇನು ಎಂದು ನರ್ಸನ್ನು ಕೇಳಿದಳು. ಆ ನರ್ಸು ನಕ್ಕದ್ದು ಯಾಕೆಂದು ನಮಗೆ ತಿಳಿಯಲು ಹೊತ್ತು ಹಿಡಿಯಿತು.

ಊರಿಗೆ ಬಂದ ಮೇಲೆ ಎಲ್ಲರೂ ಬಂದು ನೋಡಿದರು. ಹಣ್ಣು ತಂದರು, ಸಾರು ತಂದರು. ಒಬ್ಬರೂ ಕೆಟ್ಟ ಮಾತು ಆಡಲಿಲ್ಲ. ನನ್ನ ಬಾಯಿಗೆ ಹೆದರಿಯೂ ಇರಬಹುದು. ಅವಳಿಂದಾಗಿ ಕ್ಯಾಂಪಿನ ಮುಂದೆ ಸರದಿ ಉದ್ದವಾಯಿತು. ಹೆಂಗಸರು ಒಗೆದ ಬಟ್ಟೆ ತೊಟ್ಟು, ಒಬ್ಬರಿಗೊಬ್ಬರು ತಾಗದಂತೆ, ಮೈಲಿಗೆಯಾದವರ ಹಾಗೆ ದೂರದೂರ ಕೂತು ನಗುತ್ತಿದ್ದರು. ಕೆಲವರು ತಮ್ಮ ಕಾವೊಂದನ್ನೇ ಹೊತ್ತು ಎಲ್ಲಿಗೂ ಹೋದದ್ದು ಅದೇ ಮೊದಲು. ಎಲ್ಲ ಸರಿಹೋಯಿತು ಎಂದೇ ನಾನು ತಿಳಿದಿದ್ದೆ. ಆದರೆ ಆ ಚಳಿಗಾಲ ಮೂವರು ಚೊಚ್ಚಲ ಬಸುರಿಯರು ಊರಿನಿಂದ ಹೆರಿಗೆಗೆ ಹೋದರು. ಮೂವರ ತಾಯಂದಿರೂ ನಮ್ಮ ಖಾನಾವಳಿಯ ಮುಂದಿನಿಂದಲೇ ಹಾದುಹೋದರು. ಒಬ್ಬರೂ ಒಳಗೆ ಬರಲಿಲ್ಲ. ನಾನು ಬಾಯಿ ಬಿಡಲು ಹೋದರೆ ನಿಂಬೆವ್ವ, “ನೀ ಬೈದು ಕೇಳಿಸಿದ್ರ ಅದು ಕಡ ಅಲ್ಲ ಬಿಡು, ಭಿಕ್ಷಾ,” ಅಂದಳು.

ಅವಳು ಎದುರು ನೋಡುತ್ತಿದ್ದದ್ದು ನನ್ನ ಮಗಳು ಕಸ್ತೂರಿಯ ಹೆರಿಗೆಯನ್ನು. ಕಸ್ತೂರಿಯನ್ನು ಹೆತ್ತವಳು ನಾನು, ಬೆಳೆಸಿದವಳು ನಿಂಬೆವ್ವ. ಬಾಯಿ ಬಡಿದುಕೊಳ್ಳುವ ಅವ್ವನಿಗಿಂತ ಅವಳಿಗೆ ಚಿಗವ್ವನ ಮಡಿಲೇ ಹೆಚ್ಚು. ತುಂಬಿದ ಬಸುರಿ ತವರಿಗೆ ಬಂದ ದಿನದಿಂದ ನಿಂಬೆವ್ವ ಒಂದು ಹಸಿರು ಇಳಕಲ್ ಕುಪ್ಪಸವನ್ನು ಬಿಟ್ಟಿರಲಿಲ್ಲ. ಮೈಗೆ ನೀರು ಹಾಕಿಕೊಂಡು ಬಂದು ಮತ್ತೆ ಅದನ್ನೇ ತೊಡುತ್ತಿದ್ದಳು. ಒಲೆಯ ಮುಂದೆ ಬೆವರಿದರೆ ಹೊರಗೆ ಹೋಗಿ ಗಾಳಿಗೆ ನಿಂತು ಬರುತ್ತಿದ್ದಳು, ಬೆವರು ತಾಗಿ ಕಾವು ಕಡಿಮೆಯಾದೀತು ಎಂದು.

ಬೆಳಗಿನ ಚಹಾದ ಹೊತ್ತಿಗೆ ಕಸ್ತೂರಿಗೆ ನೋವು ಶುರುವಾಯಿತು. ನನ್ನ ಗಂಡ ಆಟೋ ತರಲು ಓಡಿದ. ನಿಂಬೆವ್ವ ಬಾಗಿಲ ಹಿಂದೆ ಹೋಗಿ ಹಸಿರು ಕುಪ್ಪಸ ಬಿಚ್ಚಿ, ಬೇರೆಯದು ತೊಟ್ಟು, ಬಿಚ್ಚಿದ್ದನ್ನು ಎರಡೂ ಅಂಗೈ ನಡುವೆ ಹಿಡಿದು ತಂದಳು. ಕಸ್ತೂರಿ ಅದನ್ನು ನೋಡಿದಳು, ನನ್ನನ್ನು ನೋಡಿದಳು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

“ಚಿಗವ್ವಾ, ನೀ ಈಗ ದಣದೀದಿ,” ಅಂದಳು. “ನಿನ್ನ ಕಾವು ನಿನಗ ಬೇಕು. ಅವ್ವಾ, ನಿಂದು ಕೊಡು.”

ಅದು ಕೆಟ್ಟ ಮಾತಲ್ಲ. ಪ್ರೀತಿಯ ಮಾತೇ. ಆದರೆ ಅವಳ ಕೈ ಹೊಟ್ಟೆಯ ಮೇಲೆ ಅಡ್ಡ ಇತ್ತು, ಕುಪ್ಪಸ ಎಲ್ಲಿ ತಾಗೀತೋ ಎನ್ನುವ ಹಾಗೆ. ಅದನ್ನು ನಾನು ನೋಡಿದೆ, ನಿಂಬೆವ್ವನೂ ನೋಡಿದಳು. ಮೊದಲ ಮಗು, ಹುಡುಗಿ ಹೆದರಿದ್ದಳು. ಹೆದರಿದವಳ ಮೇಲೆ ಯಾವ ಸಿಟ್ಟು ಮಾಡುವುದು? ಆ ರೋಗ ಬಟ್ಟೆಯಿಂದ ಹತ್ತುವುದಿಲ್ಲ, ರೋಗವಿದ್ದಾಗಲೇ ಅವಳ ಕುಪ್ಪಸದ ಕಾವು ನಾನು ಹೊತ್ತು ತಿರುಗಿದ್ದೆ, ನನಗೇನಾಯಿತು ಎಂದು ಕೂಗಲು ಬಾಯಿ ತೆರೆದೆ.

“ಕೊಡ ಕಲ್ಲವ್ವಾ, ತಡಾ ಮಾಡಬ್ಯಾಡ. ಹುಡುಗಿ ಬ್ಯಾನಿ ತಿನ್ನಾಕತ್ತಾಳ,” ಅಂದಳು ನಿಂಬೆವ್ವ.

ಕೊಟ್ಟೆ. ಕಸ್ತೂರಿ ಅದನ್ನು ತೊಟ್ಟಳು. ಅವಳ ಮುಂದೆ ನಿಂತು ಗುಂಡಿ ಸರಿಮಾಡಿದವಳು, ಸೆರಗು ಹೊದಿಸಿದವಳು, ತೋಳು ಹಿಡಿದು ಆಟೋಗೆ ಹತ್ತಿಸಿದವಳು ನಿಂಬೆವ್ವನೇ. ನೀನೂ ಹತ್ತು ಎಂದೆ. ಸಂಜೆ ಮಂದಿ ಊಟಕ್ಕೆ ಬಂದರೆ ಹಿಟ್ಟಿಲ್ಲ, ಗಿರಣಿಗೆ ಹೋಗಬೇಕು ಎಂದಳು. ಆಟೋ ತಿರುಗುವಾಗ ನೋಡಿದೆ. ಜೋಳದ ಡಬ್ಬಿ ಸೊಂಟಕ್ಕೆ ಏರಿಸಿಕೊಂಡು, ಬಾಗಿಲು ಎಳೆದು ಮುಂದೆ ಮಾಡಿ, ದಿನಾ ಹೋಗುವ ಹಾಗೆಯೇ ಹೊರಟಿದ್ದಳು.

ಹೆಣ್ಣು ಮಗು ಹುಟ್ಟಿತು. ಸುದ್ದಿ ಹೇಳಲು ನಾನು ಓಡೋಡಿ ಬಂದರೆ ಖಾನಾವಳಿಯ ಒಲೆ ಹೊತ್ತಿರಲಿಲ್ಲ. ಗಿರಣಿಗೆ ಹೋದೆ. ಗಿರಣಿಯವನು ಹಿಟ್ಟಿನ ಡಬ್ಬಿ ತೋರಿಸಿ, ನಿಂಬೆವ್ವ ಬೆಳಿಗ್ಗೆ ಜೋಳ ಹಾಕಿ, ಬೀಸಿ ಇಡು, ಕಲ್ಲವ್ವ ಬಂದು ಒಯ್ಯುತ್ತಾಳೆ ಎಂದು ಹೇಳಿ, ಮೈ ಕಾವು ಆರುತ್ತದಲ್ಲ, ಆ ದೊಡ್ಡ ಆಸ್ಪತ್ರೆಯ ಊರಿನ ಬಸ್ಸು ಕೈ ಮಾಡಿ ನಿಲ್ಲಿಸಿ ಹತ್ತಿದಳು ಎಂದ. ಕೈಯಲ್ಲಿ ಏನೂ ಇರಲಿಲ್ಲವಂತೆ. ನಾಳೆ ಬರುತ್ತಾಳೆ ಎಂದು ನಾನು ಅವನಿಗೆ ಹೇಳಿದೆ. ಡಬ್ಬಿ ಎತ್ತಿ ಸೊಂಟಕ್ಕೆ ಇಟ್ಟುಕೊಂಡೆ. ಬೀಸಿ ಬಹಳ ಹೊತ್ತಾಗಿತ್ತು, ಹಿಟ್ಟು ಆರಿತ್ತು. ನಿಂಬೆವ್ವ ಮರುದಿನ ಬರಲಿಲ್ಲ, ಮಗುವಿಗೆ ಹೆಸರಿಡುವ ದಿನವೂ ಬರಲಿಲ್ಲ, ಆಮೇಲೂ ಬರಲಿಲ್ಲ.